ಬಿಳಿಯೊಂಟೆಯ ಬಲಗಿವಿ

"ಗಟ್ಟಿಯಾಗಿ ಹಿಡ್ಕೊಳ್ರೀ! ಕಬ್ಬಿಣ ಬಗ್ಗಿಸೋ ಕೈ ಅಂತ ಊರೆಲ್ಲ ಜಂಬ ಕೊಚ್ಕೋತೀರಿ, ಒಂದು ಒಂಟೆ ಕಿವಿ ಹಿಡಿಯೋಕಾಗಲ್ವಾ?"

ನನ್ನ ಹೆಂಡತಿ ಮಿನ್ನಾ ಹೀಗೆ ರೇಗುತ್ತಿದ್ದ ಹೊತ್ತಿಗೇ ಆ ಬಿಳಿ ಹೆಣ್ಣೊಂಟೆ ಕತ್ತು ಹೊರಳಿಸಿ, ಹೊಟ್ಟೆಯೊಳಗಿನ ಹಸಿರು ಮೆಲುಕನ್ನೆಲ್ಲ ನನ್ನ ಎದೆಯ ಮೇಲೆ ಉಗುಳಿತು. ಮಿನ್ನಾ ಬಿದ್ದು ಬಿದ್ದು ನಕ್ಕಳು. ಒಂಟೆಯ ಒಡತಿ, ವಿಧವೆ ಅಸ್ಸಲಾಮಾ ಮಾತ್ರ ನಗಲಿಲ್ಲ. ಅವಳ ಕಣ್ಣು ತನ್ನ ಡೇರೆಯ ಕಡೆಗೇ ಇತ್ತು.

ಡೇರೆಯ ನಡುಗಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಸಲ್ಕಾ ಕೂತಿದ್ದಳು. ನಿನ್ನೆ ಬೆಳಗ್ಗೆ ಈ ಒಂಟೆಯ ಕಿವಿಯಿಂದ ರಕ್ತ ಸುರಿಯುವುದನ್ನು ಜನ ಕಂಡಾಗಿನಿಂದ ಆ ಹುಡುಗಿ ಕಂಬ ಬಿಟ್ಟು ಕದಲಿರಲಿಲ್ಲ. ಅವಳು ಘುಬೈದನ ಮನೆಯ ತೊತ್ತು. ಘುಬೈದನ ಆಡು ಕಾಯುವವಳು.

ಗಂಡಸರೇ ಮುಖಕ್ಕೆ ಮುಸುಕು ಕಟ್ಟುವ ನಮ್ಮ ಮರಳುಗಾಡಿನ ಸೀಮೆಯಲ್ಲಿ ಆಗ ಒಂದು ಕಟ್ಟಳೆ ಇತ್ತು. ಯಜಮಾನನ ಕಾಟ ತಡೆಯಲಾರದ ಆಳು, ತಾನು ಯಾರ ಡೇರೆಗೆ ಸೇರಬೇಕೋ ಅವರ ಒಂಟೆಯ ಕಿವಿಯನ್ನೋ, ಧೈರ್ಯವಿದ್ದರೆ ಅವರದೇ ಕಿವಿಯನ್ನೋ ಕತ್ತರಿಸಬೇಕು. ಆಳು ಮಾಡಿದ ಗಾಯಕ್ಕೆ ಯಜಮಾನ ಹೊಣೆ. ಪರಿಹಾರವಾಗಿ ಅದೇ ಆಳನ್ನು ಗಾಯಗೊಂಡವರಿಗೆ ಒಪ್ಪಿಸಲೇಬೇಕು. ನೂರು ಅನ್ಯಾಯದ ಗೋಡೆಯಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟುಹೋದ ಒಂದು ಕಿಂಡಿ ಅದು.

ಆದರೆ ಕಿವಿ ಕತ್ತರಿಸದೆ ಸುಮ್ಮನೆ ಓಡಿಬಂದವರಿಗೆ ಕಿಂಡಿಯೂ ಇಲ್ಲ, ಬಾಗಿಲೂ ಇಲ್ಲ. ಹಿಡಿದು ಹಿಂದಕ್ಕೆ ಕೊಡಬೇಕು. ಘುಬೈದ್ ಹೇಳುತ್ತಿದ್ದದ್ದು ಅದನ್ನೇ: "ನನ್ನ ತೊತ್ತು ಆ ಒಂಟೆ ಮುಟ್ಟಿಲ್ಲ. ಬಿಟ್ಟಿ ಆಳು ಸಿಗಲಿ ಅಂತ ಅಸ್ಸಲಾಮಾ ತಾನೇ ಕತ್ತರಿಸ್ಕೊಂಡಿದ್ದಾಳೆ." ಅವನು ಸಲ್ಕಾಳನ್ನು ಉತ್ತರದ ಓಯಸಿಸ್‌ನಲ್ಲಿರುವ ನೆಂಟನಿಗೆ ಕೊಡುಗೆಯಾಗಿ ಕೊಡುವ ಮಾತು ಕೊಟ್ಟಿದ್ದ. ನಮ್ಮ ತಿನ್‌ಬೊರಾಕ್ ಬಾವಿಯ ಹತ್ತಿರ ಆ ಕಡೆ ಹೊರಟ ಒಂಟೆಗಳಿಗೆ ಹೇರು ಬಿಗಿಯುತ್ತಿದ್ದರು. ಆ ದಾರಿಯಲ್ಲಿ ಹೋದ ತೊತ್ತು ಹಿಂದಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಸಂಜೆ ಜಾಲಿಮರದಡಿ ಪಂಚಾಯ್ತಿ. ಹಿರಿಯ ಅಖ್ಮುದು ನನ್ನನ್ನು ಕರೆಸಿ ಹೇಳಿದ್ದ: "ನನ್ನ ಕಣ್ಣಿಗೆ ಪೊರೆ ಬಂದಿದೆ ಖಮ್ಮಾದ್. ನೀನು ನೋಡು. ಅದು ಯಾರ ಕೈ ಅಂತ ಹೇಳು."

ಕಮ್ಮಾರನನ್ನೇ ಯಾಕೆ ಕೇಳಿದ ಅನ್ನುತ್ತೀರಾ? ಊರಿನ ಚಾಕುಗಳೆಲ್ಲ ನನ್ನ ಕುಲುಮೆಯಲ್ಲೇ ಹುಟ್ಟಿದವು. ಅದಕ್ಕಿಂತ ಹೆಚ್ಚಾಗಿ, ಯಾರ ಡೇರೆಗೆ ಬೇಕಾದರೂ ನುಗ್ಗಿ ಏನು ಬೇಕಾದರೂ ಕೇಳುವ ಹಕ್ಕು ನಮ್ಮ ಜಾತಿಗೆ ಮಾತ್ರ ಇತ್ತು. ನಾಚಿಕೆ, ಸಂಕೋಚ ಎಲ್ಲ ದೊಡ್ಡಮನೆಯವರ ಸ್ವತ್ತು. ನಮಗೆ ಬಾಯೇ ಆಸ್ತಿ. ಕಳೆದ ಮೂಗುತಿ, ಕದ್ದ ತಡಿ, ಕದ್ದುಮುಚ್ಚಿದ ಪ್ರೀತಿ, ಎಲ್ಲ ಪತ್ತೆ ಮಾಡಿದ್ದು ಹೀಗೆ ಬಾಯಿ ಬಡಿದುಕೊಂಡೇ.

ಮಿನ್ನಾ ಒದ್ದೆ ಬಟ್ಟೆಯಿಂದ ಒಣಗಿದ ರಕ್ತ ಒರೆಸಿದಳು. ಜಾಲಿಕಾಯಿ ಪುಡಿ ಹಚ್ಚಲು ಕೈ ಎತ್ತಿದಳು.

"ತಡಿ," ಅಂದೆ.

ಒಂಟೆಗೆ ನಾವು ಬರೆ ಹಾಕುತ್ತೇವೆ. ಕಿವಿಯಲ್ಲಿ ಗುರುತು ಕತ್ತರಿಸುವುದು ಆಡಿಗೆ ಮಾತ್ರ. ಯಜಮಾನನನ್ನು ಬದಲಿಸಲು ಹೊರಟ ಆಳಿಗೆ ಗುರುತಿನ ಗೊಡವೆ ಬೇಡ. ಹೆದರಿದ ಕೈಯಲ್ಲಿ ಹೇಗೋ ಒಂದು ತುಂಡು ಹಾರಿಸಿದರೆ ಸಾಕು.

ಇದು ಹೆದರಿದ ಕೈಯ ಕೆಲಸವಾಗಿರಲಿಲ್ಲ. ಬಲಗಿವಿಯ ಹಿಂದಿನ ಅಂಚಿನಲ್ಲಿ ಬಿದಿಗೆ ಚಂದ್ರನ ಹಾಗೆ ಒಂದು ಬಾಗು. ಅದರ ಕೆಳಗೆ, ಜೋಳದ ಕಾಳಿನಷ್ಟು ಒಂದು ಪುಟ್ಟ ಸೀಳು.

ನನ್ನ ಕೈ ಅಲ್ಲೇ ನಿಂತಿತು. ಮತ್ತೊಂದು ಕೈ ತಾನಾಗಿಯೇ ನನ್ನ ಮುಸುಕಿನ ಬಲಬದಿಗೆ ಹೋಯಿತು. ಕೂಡಲೇ ಕೆಳಗಿಳಿಸಿಕೊಂಡೆ.

"ಏನ್ರೀ, ಆ ನಾಯಿ ಕಚ್ಚಿದ ಕಿವಿ ಮತ್ತೆ ತುರಿಸ್ತಿದೆಯಾ?" ಅಂದಳು ಮಿನ್ನಾ.

"ಹ್ಞೂಂ. ಪುಡಿ ಹಚ್ಚು. ದಪ್ಪಗೆ ಹಚ್ಚು, ಏನೂ ಕಾಣಬಾರದು."

ಆ ಗುರುತು ಘುಬೈದನ ತಾಯಿಯ ಆಡುಗಳದ್ದು.

ಈಗಲೂ ಕಣ್ಣು ಮುಚ್ಚಿದರೆ ಆ ಮಂದೆ ದಿಬ್ಬ ಇಳಿದು ಬರುವುದು ಕಾಣುತ್ತದೆ. ಮಳೆ ಬಿದ್ದ ಮೇಲೆ ಮರಿಗಳ ಕಿವಿ ಗುರುತು ಮಾಡುವ ದಿನ ನಮಗೆ ಹಬ್ಬ. ನಾವು ಮೂವರು. ಕಮ್ಮಾರನ ಮಗ ನಾನು ಚಾಕು ಮಸೆಯುತ್ತಿದ್ದೆ. ದೊಡ್ಡಮನೆಯ ಮಗ ಘುಬೈದ್ ಮರಿ ಹಿಡಿಯುತ್ತಿದ್ದ. ಕತ್ತರಿಸುವವಳು ತೊತ್ತಿನ ಮಗಳು ಕುಲ್ತುಮಾ. ಎಡಚಿ. ಎಡಗೈಯಲ್ಲಿ ಚಾಕು ಹಿಡಿದು, ಮರಿ 'ಮೇ' ಅನ್ನುವುದರೊಳಗೆ ಕೆಲಸ ಮುಗಿಸುತ್ತಿದ್ದಳು. ಕೊನೆಗೆ ಚಂದ್ರನ ಕೆಳಗೆ ಒಂದು ಪುಟ್ಟ ಸೀಳು ಹಾಕುವುದು ಅವಳದೇ ಚಾಳಿ. ಅದನ್ನು ಯಾರೂ ಕಲಿಸಿರಲಿಲ್ಲ.

"ಇದ್ಯಾಕೆ?" ಅಂತ ಕೇಳಿದ್ದೆ.

"ನೋವು ಹೊರಗೆ ಹೋಗೋಕೆ ಬಾಗಿಲು ಬೇಡ್ವಾ?" ಅಂದಿದ್ದಳು.

ಕತ್ತರಿಸಿದ ಕಿವಿಚೂರುಗಳನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ ತಿನ್ನುತ್ತಿದ್ದೆವು. ಮೂವರೂ ಒಂದೇ ಬಟ್ಟಲಲ್ಲಿ. ಯಾರು ಯಜಮಾನ, ಯಾರು ಆಳು ಅನ್ನುವುದು ಆ ಕೆಂಡದ ಸುತ್ತ ಕೂತಾಗ ನೆನಪಿಗೇ ಬರುತ್ತಿರಲಿಲ್ಲ. ಅಥವಾ ನನಗೆ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತೇನೋ. ಅಂಥ ರುಚಿ ಮತ್ತೆಲ್ಲೂ ಸಿಗಲಿಲ್ಲ, ಅದಂತೂ ನಿಜ.

ಆ ಕಾಲ ಹೆಚ್ಚು ದಿನ ಇರಲಿಲ್ಲ. ಘುಬೈದ್ ಮೀಸೆ ಮೂಡುವ ಮುಂಚೆಯೇ ಮುಸುಕು ಕಟ್ಟಿಕೊಂಡು ದೊಡ್ಡವನಾಗಿಬಿಟ್ಟ. ಹುಡುಗಿಯರ ಮುಂದೆ ಮೆರೆಯುವ ಆತುರ ಅಂತ ನಾವೆಲ್ಲ ನಕ್ಕೆವು. ಅವನ ತಾಯಿ ತೀರಿಕೊಂಡಳು. ಆಡುಗಳು ಹೆಣ್ಣುಮಕ್ಕಳ ಪಾಲಾಗಿ ತೆಂಕಣಕ್ಕೆ ಹೋದವು, ಬರಗಾಲದಲ್ಲಿ ಒಂದೂ ಉಳಿಯಲಿಲ್ಲ. ಆ ಗುರುತೂ ಅವುಗಳ ಜೊತೆಗೇ ಹೋಯಿತು. ಈಗಿನ ಘುಬೈದನ ಮಂದೆಗೆ ಎಡಗಿವಿಯ ತುದಿಯಲ್ಲಿ ಒಂದು ನೆಟ್ಟನೆ ಸೀಳು, ಅಷ್ಟೇ.

ಕುಲ್ತುಮಾ? ಅವಳು ಹಾಲು ಕುಡಿಯುವ ಕೂಸನ್ನು ಬಿಟ್ಟು ನೈಜರ್ ನದಿಯ ಕಡೆ ಓಡಿಹೋದಳು. ಅವಳ ನೀರಿನ ಚರ್ಮದ ಚೀಲ ದಿಬ್ಬದ ಮೇಲೆ ಹರಿದುಬಿದ್ದಿತ್ತು. ಬಾಯಾರಿ ಸತ್ತಳು ಅಂದರು. ನಾನೂ ನಂಬಿದೆ. ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ. ಮುಸುಕಿನಿಂದ ನನಗಾದ ಉಪಕಾರ ಅದೊಂದೇ.

ಆ ಕೂಸೇ ಈಗ ಕಂಬ ತಬ್ಬಿ ಕೂತಿತ್ತು.

* * *

ಡೇರೆಯೊಳಗೆ ಹೋಗಿ ಸಲ್ಕಾಳ ಎದುರು ಕೂತೆ. ಅಸ್ಸಲಾಮಾ ಖರ್ಜೂರ ಹಾಕಿ ಕದಡಿದ ಸಜ್ಜೆ ಅಂಬಲಿ ಮುಂದಿಟ್ಟಳು.

"ಸಲ್ಕಾ, ಕಿವಿ ಕತ್ತರಿಸಿದ್ದು ನೀನೇನಾ?"

"ನಾನೇ ಮಾವ." ನನ್ನ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬಂತು.

"ಯಾವ ಕಿವಿ?"

"ಬಲಗಿವಿ."

"ಅದು ಇಲ್ಲಿಂದಲೇ ಕಾಣುತ್ತೆ ಮಗಳೇ. ಹೇಗೆ ಕತ್ತರಿಸಿದೆ, ತೋರಿಸು ನೋಡೋಣ."

ಮಿನ್ನಾ ತನ್ನ ಚೀಲದಿಂದ ಒಂದು ಚರ್ಮದ ಚೂರು ತೆಗೆದು ಕಿವಿಯ ಹಾಗೆ ಮಡಿಸಿ ಹಿಡಿದಳು. ನಾನು ಚಾಕು ಕೊಟ್ಟೆ. ಸಲ್ಕಾ ಅದನ್ನು ಬಲಗೈಯಲ್ಲಿ ತೆಗೆದುಕೊಂಡಳು. ತುಟಿ ಕಚ್ಚಿ, ಯೋಚಿಸದೆ, ಸರಕ್ಕನೆ ಎಳೆದಳು. ತುದಿಯಲ್ಲಿ ಒಂದು ನೆಟ್ಟನೆ ಸೀಳು.

"ಇಷ್ಟೇನಾ?"

"ಇಷ್ಟೇ."

ನಾನು ಮಿನ್ನಾಳ ಮುಖ ನೋಡಿದೆ. ಅವಳು ಚರ್ಮದ ಚೂರನ್ನು ಮುದುರಿ ಚೀಲಕ್ಕೆ ತುರುಕಿದಳು. ಒಂಟೆಯ ಕಿವಿ ಒರೆಸಿದವಳು ಅವಳೇ. ಅವಳಿಗೂ ಗೊತ್ತಾಯಿತು. ಆಮೇಲೆ ಹುಡುಗಿಯ ತಲೆ ಸವರಿದಳು, ಬೆರಳನ್ನು ಮೂಗಿನ ಹತ್ತಿರ ತಂದಳು.

"ತಲೆ ಯಾರು ಹೆಣೆದ್ರು ಮಗಾ? ಬೆಣ್ಣೆ ಇನ್ನೂ ಆರಿಲ್ಲ."

ಆಗ ನಾನೂ ನೋಡಿದೆ. ಜೀವ ಕೈಯಲ್ಲಿ ಹಿಡಿದು ಓಡಿಬಂದ ಹುಡುಗಿಯ ತಲೆ, ಮದುವೆಗೆ ಹೊರಟವಳ ತಲೆಯಷ್ಟು ನುಣುಪಾಗಿತ್ತು. ಸಣ್ಣ ಸಣ್ಣ ಜಡೆ. ಹಣೆಯ ಮೇಲೆ ಒಂದು ಜಡೆ ಓರೆಯಾಗಿ ಬಿದ್ದಿತ್ತು. ನಮ್ಮ ಕಡೆ ಹಾಗೆ ಹೆಣೆಯುವುದಿಲ್ಲ, ನದಿ ದಂಡೆಯ ಹೆಂಗಸರು ಹೆಣೆಯುತ್ತಾರೆ.

"ನಾನೇ ಹೆಣೆದೆ," ಅಂದಳು ಅಸ್ಸಲಾಮಾ.

ಮಿನ್ನಾ ಅವಳ ಕೈ ನೋಡಿದಳು. ವಾತ ಹಿಡಿದು ಒಂದೊಂದು ಬೆರಳೂ ಒಂದೊಂದು ದಿಕ್ಕಿಗೆ ಸೊಟ್ಟಗಾಗಿತ್ತು. "ಅಕ್ಕಾ, ಸೂಜಿಗೆ ದಾರ ಪೋಣಿಸಿ ಕೊಡು ಅಂತ ನನ್ನ ಹತ್ರ ಬರ್ತೀಯ. ಯಾವತ್ತಿಂದ ಜಡೆ ಹೆಣೆಯೋಕೆ ಶುರು ಮಾಡಿದೆ?"

ಅಸ್ಸಲಾಮಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಡೇರೆಯ ಹಿಂಬದಿಯಲ್ಲಿ ಚರ್ಮದ ಚೀಲಗಳ ರಾಶಿ. ಅದರ ಹಿಂದೆ ಚಾಪೆ ಅಲುಗಿತು. ಹೊರಗೆ ಗಾಳಿಯ ಸುಳಿವಿರಲಿಲ್ಲ.

ನಾನು ಬೇಕೆಂದೇ ಆ ಕಡೆಗೆ ಬೆನ್ನು ತಿರುಗಿಸಿ ಕೂತೆ. ನೋಡಿದ್ದರೆ, ನೋಡಿದೆ ಅಂತ ಪಂಚಾಯ್ತಿಯಲ್ಲಿ ಹೇಳಬೇಕಾಗುತ್ತಿತ್ತು. ಬೆನ್ನಿಗೆ ಕಣ್ಣಿದ್ದಿದ್ದರೆ ಅಂತ ಅನ್ನಿಸಿದ್ದು ನಿಜ.

"ಮಾವ," ಸಲ್ಕಾ ನನ್ನ ಮೊಣಕಾಲು ಹಿಡಿದುಕೊಂಡಳು. "ಇನ್ನೇನೂ ಕೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕೇಳಲ್ಲ ಮಗಳೇ. ಅಂಬಲಿ ಚೆನ್ನಾಗಿದೆ," ಅಂದೆ. ಬಟ್ಟಲು ಮುಟ್ಟಿಯೇ ಇರಲಿಲ್ಲ.

ಕುಲುಮೆಯ ಕಡೆ ನಡೆಯುವಾಗ ಮಿನ್ನಾ ದನಿ ತಗ್ಗಿಸಿ ಮಾತಾಡಿದಳು. ಅದು ಅವಳಿಗೆ ಕಷ್ಟದ ಕೆಲಸ.

"ಹಾಗಾದ್ರೆ ಬದುಕಿದ್ದಾಳೆ, ನಿಮ್ಮ ಕುಲ್ತುಮಾ."

"ನನ್ನ ಕುಲ್ತುಮಾ ಯಾಕಾಗ್ತಾಳೆ?"

"ನಿದ್ದೆಗಣ್ಣಲ್ಲಿ ಕರೀತೀರಲ್ಲ, ಅದಕ್ಕೆ. ಇರ್ಲಿ ಬಿಡಿ. ಮಗಳನ್ನ ಕರ್ಕೊಂಡು ನದಿಗೇ ಹೋಗಬಹುದಿತ್ತಲ್ಲ ಅವಳು? ಅಲ್ಲಿ ಬಿಳಿಯರ ಠಾಣೆ ಹತ್ರ ಓಡಿಬಂದವರಿಗೇ ಅಂತ ಕೇರಿ ಕಟ್ಟಿದ್ದಾರಂತೆ."

"ಕೇರಿ ಕಟ್ಟಿದ್ದಾರೆ, ಕಾಯ್ದೆನೂ ಕಟ್ಟಿದ್ದಾರೆ. ಮೂರು ತಿಂಗಳೊಳಗೆ ಯಜಮಾನ ಬಂದು 'ಇದು ನಂದು' ಅಂದ್ರೆ ಸಾಹೇಬ್ರು ಕೈ ಕಟ್ಟಿ ವಾಪಸ್ ಕೊಡ್ತಾರೆ. ಕುಲ್ತುಮಾ ಸತ್ತಳು ಅಂದ್ಕೊಂಡು ಯಾರೂ ಕೇಳೋಕೆ ಹೋಗ್ಲಿಲ್ಲ, ಬಚಾವಾದಳು. ಸಲ್ಕಾನ ಘುಬೈದ್ ಬಿಡ್ತಾನಾ? ಇವಳು ಠಾಣೆ ಮುಟ್ಟೋ ಮುಂಚೆ ಅವನ ಒಂಟೆ ಅಲ್ಲಿ ನಿಂತಿರುತ್ತೆ."

"ಅದಕ್ಕೇ ಕಿವಿ ಕತ್ತರಿಸೋ ಉಪಾಯ. ಸರಿ, ಮಗಳ ಕೈಲೇ ಕತ್ತರಿಸಿಸಬಹುದಿತ್ತಲ್ಲ?"

"ಆ ಹುಡುಗಿ ಹುಟ್ಟಿದಾಗಿಂದ ಆಡು ಬಿಟ್ರೆ ಬೇರೆ ಮುಟ್ಟಿಲ್ಲ. ಒಂಟೆ ಕಂಡ್ರೆ ಮಾರುದ್ದ ಓಡ್ತಾಳೆ. ತಾಯಿ ಚಾಕು ಕಿತ್ಕೊಂಡಿರ್ತಾಳೆ. ಕೈ ತನ್ನ ಹಳೇ ಪಾಠ ಒಪ್ಪಿಸಿಬಿಟ್ಟಿದೆ."

"ಈಗ ಏನು ಹೇಳ್ತೀರಿ?"

"ಸಲ್ಕಾಳ ಕೈ ಅಂತ."

"ಹೇಳೋದಾದ್ರೆ ನೆಟ್ಟಗೆ ಹೇಳಿ. ಸುಳ್ಳು ಹೇಳುವಾಗ ನೀವು ಮೂಗು ಉಜ್ಜಿಕೊಳ್ತೀರಿ."

"ಮುಸುಕಿದೆಯಲ್ಲ."

"ಮುಸುಕಿನ ಮೇಲೇ ಉಜ್ಜಿಕೊಳ್ತೀರಿ."

* * *

ಸಂಜೆ ಜಾಲಿಮರದ ನೆರಳು ಉದ್ದವಾಗಿತ್ತು. ಅಖ್ಮುದು ಚಾಪೆಯ ಮೇಲೆ ಕೂತಿದ್ದ. ಅಸ್ಸಲಾಮಾ ಒಂಟೆಯನ್ನು ಹಿಡಿದುಕೊಂಡು ನಿಂತಿದ್ದಳು, ಸಲ್ಕಾ ಅವಳ ಸೆರಗು ಹಿಡಿದುಕೊಂಡು. ಸ್ವಲ್ಪ ದೂರದಲ್ಲಿ ಉತ್ತರಕ್ಕೆ ಹೊರಡುವ ಒಂಟೆಗಳು ಹೇರು ಹೊತ್ತು ಗೊಣಗುತ್ತಿದ್ದವು.

ಘುಬೈದ್ ಹೊಸ ನೀಲಿ ಮುಸುಕು ಕಟ್ಟಿ ಬಂದಿದ್ದ. ಬಣ್ಣ ಅವನ ಮೂಗಿಗೂ ಹತ್ತಿತ್ತು.

"ಲೇ ಖಮ್ಮಾದ್, ಬೆಳಗ್ಗೆಯಿಂದ ಒಂಟೆ ಕಿವೀಲಿ ಏನು ಗುಟ್ಟು ಹೇಳ್ತಿದ್ದೆ?"

"ಅದೇ ನನಗೆ ಹೇಳ್ತಿತ್ತು ಕಣೋ. ಘುಬೈದನ ಮನೆ ಆಳುಗಳಿಗೆ ಮೂಳೆ ಎಷ್ಟಿದೆ ಅಂತ ಹೊರಗಿಂದಲೇ ಎಣಿಸಬಹುದಂತೆ, ಹೌದಾ?"

ಜನ ಕೊಳ್ಳೆಂದು ನಕ್ಕರು. ಘುಬೈದನೂ ನಕ್ಕ. ಕಮ್ಮಾರನ ಮಾತಿಗೆ ಸಿಟ್ಟಾಗುವುದು ದೊಡ್ಡಮನೆಯವರಿಗೆ ಕೀಳು.

"ಸಾಕು," ಅಂದ ಅಖ್ಮುದು. "ಯಾರ ಕೈ, ಹೇಳು."

"ಅಜ್ಜಾ, ಮೊದಲು ಯಾರ ಕೈ ಅಲ್ಲ ಅಂತ ಹೇಳ್ತೀನಿ. ಅಸ್ಸಲಾಮಕ್ಕಾ, ಕೈ ಚಾಚು." ಅವಳು ಚಾಚಿದಳು. ನನ್ನ ಸೊಂಟದ ಚಾಕು ಅವಳ ಅಂಗೈಯಲ್ಲಿಟ್ಟೆ. ಬೆರಳು ಮಡಚಲಾಗದೆ ಚಾಕು ಜಾರಿ ಮರಳಿನ ಮೇಲೆ ಬಿತ್ತು. "ಈ ಕೈ ಒಂಟೆ ಕಿವಿ ಕತ್ತರಿಸಿತು ಅಂತ ಘುಬೈದ್ ಹೇಳ್ತಾನೆ. ಕತ್ತರಿಸಲಿ ನೋಡೋಣ, ಬೇಕಾದ್ರೆ ಅವನ ಮೂಗು ಕೊಡಲಿ."

ಮತ್ತೆ ನಗು. ಈ ಸಲ ಘುಬೈದ್ ನಗಲಿಲ್ಲ.

"ಆ ಗಾಯ ಆಡು ಕಾಯೋರ ಕೈಯದ್ದು. ಅಳತೆ ತಪ್ಪಿಲ್ಲ, ಅಂಚು ಹರಿದಿಲ್ಲ. ಇಲ್ಲಿ ಆಡು ಕಾಯೋಳು ಯಾರು? ಸಲ್ಕಾ." ಮೂಗಿನ ಕಡೆ ಹೊರಟ ಕೈಯನ್ನು ನಡುವೆಯೇ ತಡೆದು ಗಡ್ಡದ ಕಡೆ ತಿರುಗಿಸಿದೆ. "ಕಟ್ಟಳೆ ಪ್ರಕಾರ ಹುಡುಗಿ ಅಸ್ಸಲಾಮಾಳ ಡೇರೆಗೆ ಸೇರಬೇಕು. ನನ್ನ ಮಾತು ಮುಗೀತು."

ಅಖ್ಮುದು ತಲೆಯಾಡಿಸಿದ. ತೀರ್ಪು ಹೇಳಲು ಬಾಯಿ ತೆರೆದ. ಸಲ್ಕಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ತಡೀರಿ ಅಜ್ಜಾ. ನಾನೂ ನೋಡ್ಬೇಕು," ಅಂದ ಘುಬೈದ್.

ಅಲ್ಲಿಯವರೆಗೆ ಅವನು ಆ ಒಂಟೆಯ ಹತ್ತಿರಕ್ಕೂ ಹೋಗಿರಲಿಲ್ಲ. ಎದ್ದು ಬಂದು ಕಿವಿ ಹಿಡಿದ. ಮಿನ್ನಾ ದಪ್ಪಗೆ ಮೆತ್ತಿದ್ದ ಪುಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉದುರಿಸಿದ. ಒಂಟೆ ಅವನ ಮೇಲೆ ಉಗುಳಲಿ ಅಂತ ದೇವರನ್ನು ಬೇಡಿಕೊಂಡೆ. ಹಾಳಾದ್ದು ಸುಮ್ಮನೆ ನಿಂತಿತ್ತು.

ಅವನ ಬೆರಳು ಚಂದ್ರನ ಬಾಗಿನ ಮೇಲೆ ನಿಧಾನವಾಗಿ ಸರಿದು ಬಂದು ಆ ಪುಟ್ಟ ಸೀಳಿನ ಮೇಲೆ ನಿಂತಿತು.

ನಾನು ಅವನ ಕಣ್ಣು ನೋಡಿದೆ. ಒಂದು ಗಳಿಗೆ ಅಲ್ಲಿ ಯಜಮಾನ ಇರಲಿಲ್ಲ. ಮೊಣಕಾಲ ನಡುವೆ ಮರಿ ಒತ್ತಿ ಹಿಡಿದು, ಬೇಗ ಬೇಗ ಅಂತ ಕೂಗುತ್ತಿದ್ದ ಆ ಹುಡುಗ ಇದ್ದ. ಅವನ ಮೂಗಿಗೂ ಕೆಂಡದ ಮೇಲಿನ ವಾಸನೆ ಬಂದಿರಬೇಕು. ಸುಮ್ಮನಿರು ಕಣೋ, ಆ ದಿನಗಳ ಋಣಕ್ಕಾದರೂ ಸುಮ್ಮನಿದ್ದುಬಿಡು ಅಂತ ಮನಸ್ಸಿನಲ್ಲೇ ಅಂಗಲಾಚಿದೆ.

ಅವನು ತಿರುಗಿದ. ಹುಡುಗ ಹೋಗಿದ್ದ.

"ಅಜ್ಜಾ, ಇದು ನನ್ನ ತಾಯಿ ಆಡಿನ ಗುರುತು. ಈ ಹುಡುಗಿ ಅದನ್ನ ಕಣ್ಣಲ್ಲೂ ಕಂಡಿಲ್ಲ. ಕೆಳಗಿನ ಸೀಳು ಹಾಕ್ತಿದ್ದ ಕೈ ಲೋಕದಲ್ಲಿ ಒಂದೇ." ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ನನ್ನ ಮುಖ. "ಕುಲ್ತುಮಾ ಬದುಕಿದ್ದಾಳೆ. ಇಲ್ಲೇ ಎಲ್ಲೋ ಇದ್ದಾಳೆ. ಈ ಕಮ್ಮಾರನಿಗೆ ಗೊತ್ತು."

ಗುಸುಗುಸು ಎದ್ದಿತು. ಸಲ್ಕಾಳ ಮುಖ ಒಂದೇ ಸಾಕಾಗಿತ್ತು, ಬೇರೆ ಪುರಾವೆ ಬೇಡವಾಗಿತ್ತು.

"ಕುಲ್ತುಮಾ ಕತ್ತರಿಸಿದ್ರೆ," ಅಂತ ಅಸ್ಸಲಾಮಾ ಧೈರ್ಯ ಮಾಡಿದಳು, "ಕುಲ್ತುಮಾ ನನ್ನವಳಾಗ್ಲಿ."

"ಓಡಿಹೋದವರ ಕೈಗೆ ಕಟ್ಟಳೆಯ ಬಲ ಇಲ್ಲ ತಾಯಿ," ಅಂದ ಅಖ್ಮುದು. ಅವನ ದನಿಯಲ್ಲಿ ಸಂಕಟವಿತ್ತು. "ಯಜಮಾನನ ಡೇರೆಯಲ್ಲಿ ಇದ್ದು ಕತ್ತರಿಸಿದ್ರೆ ಮಾತ್ರ ಲೆಕ್ಕ. ಹುಡುಗಿ ಘುಬೈದನ ಪಾಲು. ಸಿಕ್ಕಿದ್ರೆ ತಾಯಿನೂ."

ಘುಬೈದನ ಆಳುಗಳು ಹಗ್ಗ ಬಿಚ್ಚಿದರು. ಸಲ್ಕಾ ಒಂಟೆಯ ಕಾಲು ತಬ್ಬಿಕೊಂಡಳು. ಜೀವಮಾನವಿಡೀ ಹೆದರಿದ್ದ ಪ್ರಾಣಿಯ ಕಾಲು.

ನನ್ನ ಹತ್ತಿರ ಇನ್ನೊಂದೇ ಒಂದು ಉಳಿದಿತ್ತು.

ನಮ್ಮಲ್ಲಿ ಗಂಡಸು ಜನರೆದುರು ಮುಸುಕು ಇಳಿಸುವುದೆಂದರೆ ಬತ್ತಲೆ ನಿಂತ ಹಾಗೆ. ಊಟ ಮಾಡುವಾಗಲೂ ಇಳಿಸುವುದಿಲ್ಲ. ನಾನು ಜಾಲಿಮರದಡಿ ನಿಂತು, ಸುತ್ತು ಸುತ್ತಾಗಿ, ಇಡೀ ಮುಸುಕು ಬಿಚ್ಚಿದೆ. ಹೆಂಗಸರು ಮುಖ ತಿರುಗಿಸಿಕೊಂಡರು. ತಲೆಗೂದಲು ನೆರೆತದ್ದು ನನಗೇ ಮರೆತುಹೋಗಿತ್ತು.

"ಅಜ್ಜಾ, ನಿಮಗೆ ಕಾಣದಿದ್ರೆ ಮುಟ್ಟಿ ನೋಡಿ. ಬಲಗಿವಿ."

ಅಖ್ಮುದುವಿನ ಬೆರಳು ನನ್ನ ಕಿವಿಯ ಮೇಲೆ ಹರಿದಾಡಿತು. ಹಿಂದಿನ ಅಂಚಿನಲ್ಲಿ ಚಂದ್ರ. ಕೆಳಗೆ ಪುಟ್ಟ ಸೀಳು.

"ನಾಯಿ ಕಚ್ಚಿದ್ದು ಅಂದಿದ್ರಲ್ಲ!" ಮಿನ್ನಾಳ ದನಿ ಹೆಂಗಸರ ನಡುವಿನಿಂದ ಕೇಳಿಬಂತು. ಆ ಹೊತ್ತಲ್ಲೂ ನನಗೆ ನಗು ಬಂತು.

"ಗುರುತು ಹಾಕೋ ದಿನ ಕತ್ತರಿಸಿದ್ಲು ಅಜ್ಜಾ. ಆಗಿನ್ನೂ ಅವಳು ಘುಬೈದನ ತಾಯಿ ಡೇರೆಯಲ್ಲೇ ಇದ್ದಳು, ಓಡಿಹೋಗಿರಲಿಲ್ಲ. ದೊಡ್ಡಮನೆ ಸಿಟ್ಟಿಗೆ ಹೆದರಿ ನನ್ನವ್ವ ಪುಡಿ ಮೆತ್ತಿ, ನಾಯಿ ಕಚ್ಚಿತು ಅನ್ನು ಅಂತ ಬಾಯಿ ಹೊಲಿದಳು. ಕಟ್ಟಳೆ ಪ್ರಕಾರ ಅವತ್ತಿಂದ ಕುಲ್ತುಮಾ ನನ್ನ ಪಾಲು. ಘುಬೈದನ ತೊತ್ತೇ ಅಲ್ಲದ ಮೇಲೆ ಅವನಿಂದ ಓಡಿಹೋದವಳು ಹೇಗಾಗ್ತಾಳೆ? ಮಗು ತಾಯಿಯ ಯಜಮಾನಂದು. ಸಲ್ಕಾನೂ ನನ್ನ ಪಾಲು." ಸಲ್ಕಾಳ ಕಡೆ ತಿರುಗಿದೆ. "ನಾನು ಯಾರಿಗೂ ಯಜಮಾನ ಆಗಲಾರೆ. ಇಬ್ಬರೂ ಎಲ್ಲಿಗೆ ಬೇಕಾದ್ರೂ ಹೋಗ್ಲಿ."

"ಆಟ!" ಘುಬೈದ್ ಕಿರುಚಿದ. "ಅದು ಹುಡುಗಾಟ! ನಾನೂ ಅಲ್ಲೇ ಇದ್ದೆ. ಮರಿ ಬದಲು ಇವನ ಕಿವಿ ಹಿಡಿದು ಕತ್ತರಿಸಿ ಕಿಲಕಿಲ ನಕ್ಕಳು, ಅಷ್ಟೇ!"

ನಕ್ಕದ್ದು ನಿಜ. ಅದಕ್ಕೇ ನನಗೂ ಗೊತ್ತಿರಲಿಲ್ಲ. ಆಟಕ್ಕೆ ಕತ್ತರಿಸಿದಳೋ, ನನ್ನನ್ನು ಬಯಸಿಯೇ ಕತ್ತರಿಸಿದಳೋ? ಆ ಪ್ರಶ್ನೆಯನ್ನು ಮುಸುಕಿನೊಳಗೆ ಇಟ್ಟುಕೊಂಡೇ ನಾನು ಮದುವೆಯಾದೆ, ಕುಲುಮೆ ಊದಿದೆ, ಮುದುಕನಾದೆ.

ಅಖ್ಮುದು ಕೈ ಎತ್ತಿದ. "ಆಟಕ್ಕೆ ಕತ್ತರಿಸಿದ್ರೆ ಲೆಕ್ಕಕ್ಕಿಲ್ಲ. ಬೇಕೂಂತ ಕತ್ತರಿಸಿದ್ರೆ ಖಮ್ಮಾದ್ ಹೇಳಿದ್ದು ಸರಿ. ಯಾವುದು ಅಂತ ಹೇಳಬೇಕಾದವಳು ಅವಳೊಬ್ಬಳೇ. ಇಲ್ಲೇ ಇದ್ರೆ ಬಂದು ಹೇಳಲಿ."

ಘುಬೈದನ ಕೈ ಸೊಂಟದ ಕತ್ತಿಯ ಮೇಲೆ ಕೂತಿತು. ಅವನಿಗೆ ಬೇಕಾದದ್ದೂ ಅದೇ. ಅವಳು ಹೊರಗೆ ಬಂದು, ಮಾತು ಸೋತರೆ, ಒಂದು ಹಗ್ಗಕ್ಕೆ ಇಬ್ಬರು.

ಬರಬೇಡ ಅಂತ ಕೂಗಬೇಕೆಂದುಕೊಂಡೆ. ಬಾ ಅಂತಲೂ ಕೂಗಬೇಕೆನ್ನಿಸಿತು. ಎರಡೂ ಆಗಲಿಲ್ಲ.

ಅಸ್ಸಲಾಮಾಳ ಡೇರೆಯ ಚಾಪೆ ಎದ್ದಿತು.

ಅವಳು ನಡೆದು ಬಂದಳು. ದಪ್ಪಗಾಗಿದ್ದಳು, ಒಂದು ಕಾಲು ಎಳೆಯುತ್ತಿದ್ದಳು. ಹಣೆಯ ಜಡೆಯನ್ನು ಎಡಗೈಯಲ್ಲಿ ಹಿಂದಕ್ಕೆ ತಳ್ಳಿದ ರೀತಿ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಮಗಳ ತಲೆ ಮುಟ್ಟಿದಳು. ಆಮೇಲೆ ನನ್ನೆದುರು ನಿಂತು ಕಿವಿಯನ್ನೇ ನೋಡಿದಳು.

"ಚೆನ್ನಾಗೇ ಮಾಗಿದೆ. ಪರವಾಗಿಲ್ಲ, ನನ್ನ ಕೈ ಹಾಳಲ್ಲ."

"ಕುಲ್ತುಮಾ," ಅಂದ ಅಖ್ಮುದು. "ಆಟಕ್ಕೋ, ಬೇಕೂಂತಲೋ?"

ಅವಳು ನನ್ನ ಮೇಲಿನ ಕಣ್ಣು ಕೀಳಲಿಲ್ಲ.

"ಬೇಕೂಂತಲೇ ಕತ್ತರಿಸಿದೆ ಅಜ್ಜಾ. ಈ ದಡ್ಡನಿಗೆ ಅರ್ಥವಾಗುತ್ತೆ ಅಂದ್ಕೊಂಡಿದ್ದೆ."

ನಾನು ಈಗ ಮುದುಕರಲ್ಲಿ ಮುದುಕ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಗಳಿಗೆ ಮತ್ತೊಂದು ಬರಲಿಲ್ಲ. ಮಿನ್ನಾ ಕ್ಷಮಿಸಲಿ.

"ಓಡಿಹೋದ ತೊತ್ತಿನ ಬಾಯಿಮಾತು!" ಘುಬೈದ್ ಮುಂದೆ ನುಗ್ಗಿದ. "ಇವತ್ತು ಜೀವ ಉಳಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತಾಳೆ. ಸಾಕ್ಷಿ ಎಲ್ಲಿ?"

"ಅವನು ಕೇಳೋದು ನ್ಯಾಯ ಕಣವ್ವಾ," ಅಂದ ಅಖ್ಮುದು. "ಸಾಕ್ಷಿ ಬೇಕು."

"ಇದೆ ಅಜ್ಜಾ." ಕುಲ್ತುಮಾ ಆಗ ಮೊದಲ ಸಲ ಘುಬೈದನ ಕಡೆ ತಿರುಗಿದಳು. "ಇವನ ಮುಸುಕಿನೊಳಗೇ ಇದೆ, ಎಡಗಡೆ. ಮೀಸೆ ಬರೋ ಮುಂಚೆ ಅಷ್ಟು ಆತುರವಾಗಿ ಯಾಕೆ ಕಟ್ಕೊಂಡ ಅಂತ ಯಾರೂ ಕೇಳಲಿಲ್ಲ. ನಾನು ಇವನ ಕಿವಿ ಬಿಟ್ಟು ಖಮ್ಮಾದನ ಕಿವಿ ಆರಿಸಿದ್ದು ಆಟವಲ್ಲ ಅಂತ ಗೊತ್ತಾಗೇ, ಅವತ್ತು ರಾತ್ರಿ ಇವನು ತನ್ನ ಕಿವೀನ ತಾನೇ ಕತ್ತರಿಸ್ಕೊಂಡ. ಖಮ್ಮಾದ್ ಇಳಿಸಿದ್ದಾಯ್ತು. ಈಗ ಇವನೂ ಇಳಿಸಲಿ."

ಹಗ್ಗ ಹಿಡಿದವರು ನಿಂತಲ್ಲೇ ನಿಂತರು. ಕತ್ತಿಯ ಮೇಲಿದ್ದ ಘುಬೈದನ ಕೈ ಎದ್ದಿತು. ಎದ್ದು, ಎಡಗಿವಿಯ ಮೇಲಿನ ಬಟ್ಟೆಯನ್ನು ಅದುಮಿ ಹಿಡಿಯಿತು.